‘ಬಗ್’ ಪದ ಹುಟ್ಟಿದ್ದು ಪತಂಗದಿಂದಲೇ? ಗ್ರೇಸ್ ಹಾಪರ್ ಅವರ ನಿಜವಾದ ಕಥೆ ಇಲ್ಲಿದೆ

ಕಂಪ್ಯೂಟರ್‌ನೊಳಗೆ ಸಿಕ್ಕಿಕೊಂಡಿದ್ದ ಪತಂಗವನ್ನು ಗ್ರೇಸ್ ಹಾಪರ್ ಹೊರತೆಗೆದರು, ಅಂದಿನಿಂದ ಕಂಪ್ಯೂಟರ್ ದೋಷಕ್ಕೆ ‘ಬಗ್’ ಎಂಬ ಹೆಸರು ಬಂತು: ಇಂಥದ್ದೊಂದು ಸಂದೇಶ ಪತಂಗದ ಫೋಟೋ ಸಮೇತ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಫೋಟೋ ನಿಜ, ಪತಂಗವೂ ನಿಜ. ಆದರೆ ಕಥೆ ಅರ್ಧ ಮಾತ್ರ ನಿಜ.

ಯಾರು ಈ ಹಾಪರ್?

ಗ್ರೇಸ್ ಹಾಪರ್ 1906ರ ಡಿಸೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದರು. ಚಿಕ್ಕವಳಿದ್ದಾಗ ಮನೆಯ ಅಲಾರಾಂ ಗಡಿಯಾರಗಳನ್ನು ಬಿಚ್ಚಿ ನೋಡಿದ ಹುಡುಗಿ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದರು. ಎರಡನೇ ಮಹಾಯುದ್ಧದ ವೇಳೆ ನೌಕಾಪಡೆ ಸೇರಲು ಹೊರಟಾಗ ತೂಕ ಕಡಿಮೆ ಎಂಬ ತೊಡಕು ಬಂತು. ವಿಶೇಷ ವಿನಾಯಿತಿ ಪಡೆದು 1943ರಲ್ಲಿ ಸೇರಿಯೇ ಬಿಟ್ಟರು. ಮರುವರ್ಷ ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಕೆಲಸಕ್ಕೆ ನೇಮಕಗೊಂಡರು. ಸುಮಾರು 15 ಮೀಟರ್ ಉದ್ದದ ಆ ಯಂತ್ರವನ್ನು ನಡೆಸುವ ಬಗೆ ತಿಳಿಸುವ, 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯನ್ನೂ ಬರೆದರು.

ಪತಂಗ ಸಿಕ್ಕ ದಿನ

1947ರ ಸೆಪ್ಟೆಂಬರ್ 9. ಹಾರ್ವರ್ಡ್‌ನ ಮಾರ್ಕ್ 2 ಯಂತ್ರ ಕೈಕೊಟ್ಟಿತು. ಆಗಿನ ಯಂತ್ರಗಳು ರಿಲೇಗಳಿಂದ ಓಡುತ್ತಿದ್ದವು. ರಿಲೇ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್. ಅದರ ಎರಡು ತುದಿಗಳ ನಡುವೆ ಏನಾದರೂ ಸಿಕ್ಕಿಕೊಂಡರೆ ಸಂಪರ್ಕ ಕೂಡುವುದಿಲ್ಲ, ಲೆಕ್ಕ ತಪ್ಪುತ್ತದೆ. ಹುಡುಕಿದಾಗ ಎಫ್ ಪ್ಯಾನೆಲ್‌ನ 70ನೇ ರಿಲೇಯಲ್ಲಿ ಪತಂಗ ಸಿಕ್ಕಿತು. ಅದನ್ನು ಲಾಗ್‌ಬುಕ್‌ಗೆ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಎಂದು ತಮಾಷೆಯಾಗಿ ಬರೆದಿಟ್ಟರು. ಆ ಪುಸ್ತಕ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಈ ತಮಾಷೆಯೇ ನಮಗೆ ಸಾಕ್ಷಿ. ಬಗ್ ಎಂದರೆ ದೋಷ ಎಂಬುದು ಮೊದಲೇ ಬಳಕೆಯಲ್ಲಿ ಇಲ್ಲದಿದ್ದರೆ ಆ ಮಾತಿಗೆ ಯಾರೂ ನಗುತ್ತಿರಲಿಲ್ಲ. 1878ರಷ್ಟು ಹಿಂದೆಯೇ ಥಾಮಸ್ ಎಡಿಸನ್ ತಮ್ಮ ಪತ್ರದಲ್ಲಿ ಯಂತ್ರದ ತೊಡಕುಗಳಿಗೆ ಈ ಪದ ಬಳಸಿದ್ದರು. ಪತಂಗ ಹಿಡಿದವರೂ ಹಾಪರ್ ಅಲ್ಲ, ಅವರ ತಂಡದವರು. ಅವರು ಈ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದರಿಂದ ಅದು ಅವರ ಹೆಸರಿಗೇ ಅಂಟಿಕೊಂಡಿತು.

ಮರೆಯಾದ ಸಾಧನೆ

ಕಂಪ್ಯೂಟರ್ ಲೆಕ್ಕ ಮಾತ್ರ ಮಾಡಬಲ್ಲದು ಎಂದು ಹಲವರು ನಂಬಿದ್ದ ಕಾಲದಲ್ಲಿ, 1952ರಲ್ಲಿ, ಹಾಪರ್ ಎ-0 ಎಂಬ ಕಂಪೈಲರ್ ರೂಪಿಸಿದರು. ಆಮೇಲೆ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಭಾಷೆ ಬಂತು. 1959ರಲ್ಲಿ ಸಮಿತಿಯೊಂದು ಕೋಬಾಲ್ ಭಾಷೆಯನ್ನು ರೂಪಿಸಲು ಹೊರಟಾಗ ಅದಕ್ಕೆ ತಳಹದಿಯಾದದ್ದು ಮುಖ್ಯವಾಗಿ ಇದೇ. ಹಾಗಾಗಿ ಕೋಬಾಲನ್ನು ಅವರೊಬ್ಬರೇ ಕಂಡುಹಿಡಿದರು ಎನ್ನುವುದೂ ಪೂರ್ತಿ ಸರಿಯಲ್ಲ.

ಸುಮಾರು 30 ಸೆಂಟಿಮೀಟರ್ ತಂತಿಯ ತುಂಡುಗಳನ್ನು ಹಂಚಿ, ಒಂದು ನ್ಯಾನೋಸೆಕೆಂಡ್‌ನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಇಷ್ಟು ದೂರ ಹೋಗಬಲ್ಲದು ಎಂದು ಅವರು ಜನರಿಗೆ ತಿಳಿಹೇಳುತ್ತಿದ್ದರು. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ನಿಮ್ಮ ಫೋನಿನ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಅದರಲ್ಲಿ ತಪ್ಪು ಹುಡುಕುವ ಸಾಧನಕ್ಕೆ ಇಂದಿಗೂ ಡೀಬಗರ್ ಎಂದೇ ಹೆಸರು. ಆ ಸಾಧನದಲ್ಲೂ ಬಗ್ ಇರುತ್ತದೆ, ಅದನ್ನೂ ಯಾರಾದರೂ ಸರಿಪಡಿಸಬೇಕಾಗುತ್ತದೆ. ಫಾರ್ವರ್ಡ್ ಸಂದೇಶಕ್ಕೂ ಇದೇ ಮಾತು. ಮುಂದಿನ ಸಲ ಪತಂಗದ ಕಥೆ ಬಂದರೆ ಕಳುಹಿಸಿದವರಿಗೆ ಹೀಗೆ ತಿಳಿಸಿ: ಪದ ಹಳೆಯದು, ಪತಂಗ ಹಿಡಿದವರು ಬೇರೆಯವರು, ಹಾಪರ್ ಅವರ ದೊಡ್ಡ ಕೆಲಸ ಕಂಪೈಲರ್.