ಲಾಲ್‌ಬಾಗ್ ಮತ್ತು ಶ್ರೀ ಜಿ.ಎಚ್. ಕೃಂಬಿಗಲ್ (1865–1956)

ಬೆಂಗಳೂರಿನ ಲಾಲ್‌ಬಾಗ್ ಸಸ್ಯತೋಟವು ಸುಮಾರು 240 ಎಕರೆ ವಿಸ್ತೀರ್ಣವನ್ನು ಹೊಂದಿದ್ದು, ರಾಜ್ಯದ ಐತಿಹಾಸಿಕ ಉದ್ಯಾನಗಳಲ್ಲಿ ಪ್ರಮುಖವಾದುದಾಗಿದೆ. 1760ರಲ್ಲಿ ಹೈದರ್ ಅಲಿಯು 40 ಎಕರೆ ಪ್ರದೇಶದಲ್ಲಿ ಆರಂಭಿಸಿದ ಈ ತೋಟವನ್ನು ಟಿಪ್ಪು ಸುಲ್ತಾನನು ಮುಂದುವರಿಸಿದನು. 1856ರಲ್ಲಿ ಇದು ಸರ್ಕಾರಿ ಸಸ್ಯತೋಟವಾಯಿತು. 1874ರಿಂದ 1908ರವರೆಗೆ ಅಧೀಕ್ಷಕರಾಗಿದ್ದ ಶ್ರೀ ಜಾನ್ ಕ್ಯಾಮರಾನ್ ರವರ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಶಂಕುಸ್ಥಾಪನೆ ನೆರವೇರಿತು. ಅವರ ನಂತರ ಈ ತೋಟದ ಹೊಣೆ ಹೊತ್ತವರೇ ಶ್ರೀ ಗುಸ್ತಾವ್ ಹರ್ಮನ್ ಕೃಂಬಿಗಲ್.

ಜನನ ಮತ್ತು ಶಿಕ್ಷಣ

ಕೃಂಬಿಗಲ್ ರವರು 1865ರ ಡಿಸೆಂಬರ್ 18ರಂದು ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಸ್ವದೇಶದಲ್ಲಿ ತೋಟಗಾರಿಕೆಯನ್ನು ಅಭ್ಯಸಿಸಿ 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಮಡಿಗಳ ಕೆಲಸ ನಿರ್ವಹಿಸಿ, ಬಳಿಕ ಪ್ರಸಿದ್ಧ ಕ್ಯೂ ಸಸ್ಯತೋಟದಲ್ಲಿ ಅನುಭವ ಪಡೆದರು.

ಭಾರತದಲ್ಲಿ ಸೇವೆ

ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕ್‌ವಾಡ್ ರವರ ಆಹ್ವಾನದ ಮೇರೆಗೆ 1893ರಲ್ಲಿ ಭಾರತಕ್ಕೆ ಆಗಮಿಸಿದ ಇವರು, ಆ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಂಡರು. ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ್ ರವರ ಆಳ್ವಿಕೆಯಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಆಗ ಅವರಿಗೆ 42 ವರ್ಷ ವಯಸ್ಸಾಗಿತ್ತು.

ಉದ್ಯಾನವೆಂದರೆ ಗಿಡಗಳನ್ನು ಬೆಳೆಸುವ ಸ್ಥಳವಷ್ಟೇ ಅಲ್ಲ, ಜನರಿಗೆ ತಿಳಿವಳಿಕೆ ನೀಡುವ ಸಂಸ್ಥೆಯೂ ಆಗಬೇಕೆಂಬುದು ಇವರ ಕಾರ್ಯಗಳಿಂದ ವ್ಯಕ್ತವಾಗುತ್ತದೆ. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘದ ಸ್ಥಾಪನೆಗೆ ಕಾರಣರಾದರು. 1920ರ ಸುಮಾರಿಗೆ ಲಾಲ್‌ಬಾಗ್‌ನಲ್ಲಿ ತೋಟಗಾರಿಕೆ ತರಬೇತಿ ಶಾಲೆ ಆರಂಭವಾಯಿತು. ಹೊರದೇಶಗಳ ಸಸ್ಯತೋಟಗಳೊಂದಿಗೆ ಬೀಜ ಮತ್ತು ಸಸಿಗಳ ವಿನಿಮಯ ನಡೆಸಿ, ಹೊಸ ಸಸ್ಯಗಳನ್ನು ಇಲ್ಲಿಗೆ ಪರಿಚಯಿಸಿದರು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಇವರ ಪಾತ್ರವಿದೆ.

ಬೆಂಗಳೂರಿನ ರಸ್ತೆಗಳ ಬದಿಯಲ್ಲಿ ಒಂದು ಜಾತಿಯ ಮರ ಹೂಬಿಟ್ಟು ಮುಗಿಯುವಷ್ಟರಲ್ಲಿ ಮತ್ತೊಂದು ಜಾತಿ ಅರಳುವಂತೆ ಆರಿಸಿ ನೆಡುವ ಕ್ರಮವು ಇವರ ವಿಶಿಷ್ಟ ಕೊಡುಗೆ ಎಂದು ಪರಿಗಣಿಸಲಾಗಿದೆ. ವರ್ಷಾರಂಭದ ನಂತರ ಜಕರಂಡದ ನೇರಳೆ, ಬೇಸಿಗೆಯಲ್ಲಿ ಗುಲ್‌ಮೊಹರ್‌ನ ಕೆಂಪು ಎಂಬಂತೆ ನಗರದ ಬಣ್ಣವು ಋತುವಿನೊಂದಿಗೆ ಬದಲಾಗುತ್ತದೆ. ನೆಟ್ಟವನು ನೋಡಲಾಗದಷ್ಟು ಕಾಲ ನಿಲ್ಲುವ ಮರಗಳಿಗೆ ಇಂತಹ ದೂರದೃಷ್ಟಿ ಅವಶ್ಯಕ.

ನಿವೃತ್ತಿ ಮತ್ತು ನಂತರದ ಬದುಕು

1932ರಲ್ಲಿ ಇವರು ನಿವೃತ್ತರಾದರು. ಇವರ ಸ್ಥಾನಕ್ಕೆ ಬಂದ ಶ್ರೀ ಎಚ್.ಸಿ. ಜವರಾಯ ರವರು ಈ ಹುದ್ದೆಯನ್ನು ಅಲಂಕರಿಸಿದ ಪ್ರಥಮ ಭಾರತೀಯರು. ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ, ಜರ್ಮನಿಯಲ್ಲಿ ಹುಟ್ಟಿದವರೆಂಬ ಕಾರಣದಿಂದ, ಕೃಂಬಿಗಲ್ ರವರು ಬಂಧನಕ್ಕೊಳಗಾಗಬೇಕಾಯಿತು. ದಶಕಗಳ ಕಾಲ ದುಡಿದ ನಾಡಿನಲ್ಲಿಯೇ ವೃದ್ಧಾಪ್ಯದಲ್ಲಿ ಪರಕೀಯರೆನಿಸಿಕೊಂಡರೂ, ಅವರು ಈ ನಾಡನ್ನು ತೊರೆಯಲಿಲ್ಲ. 1956ರ ಫೆಬ್ರವರಿ 8ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ನಿಧನರಾದರು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಸ್ಮರಣೆ

ಲಾಲ್‌ಬಾಗ್‌ನ ಪಕ್ಕದ ರಸ್ತೆಗೆ ಇವರ ಹೆಸರನ್ನು ಇಡಲಾಗಿದೆ. ತೋಟದೊಳಗಿನ ಹಳೆಯ ಉಪನ್ಯಾಸ ಮಂದಿರವೂ ಕೃಂಬಿಗಲ್ ಸಭಾಂಗಣವೆಂದೇ ಹೆಸರಾಗಿತ್ತು. ಶತಮಾನಕ್ಕೂ ಹಳೆಯದಾದ ಆ ಕಟ್ಟಡವು 2017ರಲ್ಲಿ ನೆಲಸಮವಾಯಿತು. ಹೆಸರು ಹೊತ್ತ ಗೋಡೆ ಉರುಳಿದರೂ, ಅವರು ರೂಢಿಗೆ ತಂದ ಸಾಲುಮರಗಳ ಕ್ರಮವು ನಗರದಲ್ಲಿ ಪ್ರತಿವರ್ಷ ಅರಳುತ್ತಲೇ ಇದೆ.

ವೀಕ್ಷಿಸಬೇಕಾದ ಸ್ಥಳಗಳು

ಗಾಜಿನ ಮನೆ, ಕೆರೆ, ಹಳೆಯ ಮರಗಳು, ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದ ಬಂಡೆ ಹಾಗೂ ಅದರ ಮೇಲಿನ ಕೆಂಪೇಗೌಡ ಗೋಪುರವು ಲಾಲ್‌ಬಾಗ್‌ನ ಮುಖ್ಯ ಆಕರ್ಷಣೆಗಳಾಗಿವೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಇಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವು ಅಪಾರ ಸಂಖ್ಯೆಯ ಜನರನ್ನು ಸೆಳೆಯುತ್ತದೆ. ಪ್ರದರ್ಶನದ ಜನಸಂದಣಿಯಿಲ್ಲದ ದಿನಗಳಲ್ಲಿ ಬೆಳಗಿನ ಹೊತ್ತು ಆಗಮಿಸುವವರು ಇಲ್ಲಿಯ ಮರಗಳನ್ನು ಸಾವಧಾನವಾಗಿ ವೀಕ್ಷಿಸಬಹುದಾಗಿದೆ. ಮರಗಳ ಮೇಲೆ ಹೆಸರು ಕೆತ್ತದೆ, ಹೂಗಳನ್ನು ಕೀಳದೆ ಸಾರ್ವಜನಿಕರು ಸಹಕರಿಸಿದಲ್ಲಿ, ಇವರಂತಹ ಹಿರಿಯರ ಶ್ರಮಕ್ಕೆ ಗೌರವ ಸಲ್ಲಿಸಿದಂತಾಗುತ್ತದೆ.