ಒಡೆಯನ ಅನ್ನ, ಕವಿಯ ಮಾತು: ವೇಮುಲವಾಡದ ಪಂಪ

ದಿಲ್‌ಸುಖ್‌ನಗರದ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಕನ್ನಡ ಬಂಧುಗಳಲ್ಲಿ ವೇಮುಲವಾಡದ ರಾಜರಾಜೇಶ್ವರನ ದರ್ಶನ ಮಾಡಿ ಬಂದವರು ಅನೇಕರಿರುವರು. ಆದರೆ ಕನ್ನಡದ ಆದಿಕವಿ ಪಂಪನು ಆಸ್ಥಾನಕವಿಯಾಗಿದ್ದ ರಾಜಧಾನಿ ಅದೇ ಎಂಬುದನ್ನು ಅರಿತವರು ಕೆಲವರೇ. ಹೈದರಾಬಾದಿಗೆ ಸುಮಾರು 150 ಕಿಲೋಮೀಟರು ದೂರದ ಆ ಊರಿನಲ್ಲಿ, ಸಾವಿರ ವರ್ಷಗಳಿಗೂ ಹಿಂದೆ, ಈ ಮಹನೀಯನು ಒಡೆಯನ ಅನ್ನವನ್ನುಂಡೂ ತನ್ನ ಮಾತನ್ನು ಹೇಗೆ ಉಳಿಸಿಕೊಂಡನೆಂಬುದು ಪರರ ಕೈಕೆಳಗೆ ದುಡಿಯುವ ನಮ್ಮವರೆಲ್ಲರೂ ತಿಳಿಯತಕ್ಕ ಸಂಗತಿಯೆಂದು ನಾವು ಭಾವಿಸುತ್ತೇವೆ.

ಪಂಪನು ಹುಟ್ಟಿದುದು ಕ್ರಿ.ಶ. 902ರಲ್ಲಿ. ಆತನ ಹಿರಿಯರು ವೆಂಗಿನಾಡಿನ ವೈದಿಕ ಬ್ರಾಹ್ಮಣರು. ತಂದೆ ಭೀಮಪಯ್ಯನು ಜೈನಧರ್ಮವನ್ನು ಸ್ವೀಕರಿಸಿದನು. ತಾಯಿ ಅಬ್ಬಣಬ್ಬೆಯು ಧಾರವಾಡ ಸೀಮೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ವಿವರಗಳನ್ನು ನಮಗೆ ಉಳಿಸಿಕೊಟ್ಟವನು ಕವಿಯ ತಮ್ಮ ಜಿನವಲ್ಲಭ. ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿ, ಬೊಮ್ಮಲಗುಟ್ಟವೆಂಬ ಬೆಟ್ಟದ ಬಂಡೆಯ ಮೇಲೆ ಆತನು ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿಯೂ ಶಾಸನ ಬರೆಯಿಸಿದನು. ಎರಡು ನುಡಿಗಳ ನಡುವೆ ಬಾಳುವುದು ನಮ್ಮ ಕಾಲದ ಹೊಸ ಪಾಡೇನೂ ಅಲ್ಲ.

ಪಂಪನ ಒಡೆಯನು ಚಾಲುಕ್ಯ ವಂಶದ ಇಮ್ಮಡಿ ಅರಿಕೇಸರಿ. ರಾಷ್ಟ್ರಕೂಟ ಚಕ್ರವರ್ತಿಯ ಸಾಮಂತನು. ಚಕ್ರವರ್ತಿ ನಾಲ್ವಡಿ ಗೋವಿಂದನ ಕೋಪಕ್ಕೆ ಗುರಿಯಾದ ಬಿಜ್ಜನೆಂಬ ಅರಸನು ಮೊರೆಹೊಕ್ಕಾಗ, ಅರಿಕೇಸರಿಯು ಅವನನ್ನು ಬಿಟ್ಟುಕೊಡದೆ ಕಾಪಾಡಿದನು. 935ರ ಸುಮಾರಿಗೆ ಗೋವಿಂದನು ಪದಚ್ಯುತನಾಗಿ ಬದ್ದೆಗನು ಪಟ್ಟವೇರಿದುದರಲ್ಲಿಯೂ ಆತನ ಕೈಯುಂಟು. ಇಂಥ ಒಡೆಯನನ್ನು ಕವಿಯು ಮನಸಾರೆ ಮೆಚ್ಚಿದುದು ಸಹಜವೇ.

941ರಲ್ಲಿ ಪಂಪನು ಆದಿಪುರಾಣವನ್ನೂ, ಬಳಿಕ ಪಂಪಭಾರತವೆಂದು ಹೆಸರಾದ ವಿಕ್ರಮಾರ್ಜುನ ವಿಜಯವನ್ನೂ ರಚಿಸಿದನು. ಮೊದಲನೆಯದು 3 ತಿಂಗಳಲ್ಲಿ, ಎರಡನೆಯದು 6 ತಿಂಗಳಲ್ಲಿ ಮುಗಿಯಿತೆಂದು ಆತನೇ ಹೇಳಿಕೊಂಡಿರುವನು. ಭಾರತದಲ್ಲಿ ಅರಿಕೇಸರಿಯೇ ಅರ್ಜುನನು. ಒಡೆಯನ ಬಿರುದುಗಳನ್ನೆಲ್ಲ ಪಾಂಡವ ವೀರನಿಗೆ ತೊಡಿಸಿ ಹಾಡಿದುದು ಕವಿಯ ಉದ್ಯೋಗಧರ್ಮ.

ಆದರೆ ಪಂಪನ ದೊಡ್ಡತನವಿರುವುದು ಇಲ್ಲಲ್ಲ. ಒಡೆಯನ ಎದುರು ಪಕ್ಷದವನಾದ ಕರ್ಣನನ್ನು ಆತನು ಚಿತ್ರಿಸಿದ ಬಗೆಯಲ್ಲಿದೆ. ಜನ್ಮರಹಸ್ಯ ತಿಳಿದ ಮೇಲೆ ಕರ್ಣನಿಗೆ ರಾಜ್ಯದ ಆಸೆ ಹುಟ್ಟಲಿಲ್ಲ. ಒಡಹುಟ್ಟಿದವರನ್ನು ಕೊಲ್ಲಲಾರದೆ, ಅನ್ನವಿಟ್ಟ ದುರ್ಯೋಧನನನ್ನು ಬಿಡಲಾರದೆ, ಮೊದಲು ತಾನೇ ಅಳಿಯುವುದು ಲೇಸೆಂದು ನಿಶ್ಚಯಿಸಿದನು. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆಯಿರೆಂಬುದು ಕವಿಯ ಅಭಿಪ್ರಾಯ. ಅರ್ಜುನನೆಂದು ಹೊಗಳಿಸಿಕೊಂಡ ಅರಸನ ಸಭೆಯಲ್ಲಿ ಅರ್ಜುನನ ವೈರಿಯನ್ನು ಹೀಗೆ ಮೆಚ್ಚುವುದಕ್ಕೆ ಎದೆಗಾರಿಕೆ ಬೇಕು.

ಗ್ರೀಕರ ಆದಿಕವಿ ಹೋಮರನಲ್ಲಿಯೂ ಇದೇ ನ್ಯಾಯಬುದ್ಧಿ ಕಾಣುವುದು. ಆತನ ಇಲಿಯಡ್ ಕಾವ್ಯದಲ್ಲಿ ಸೇನಾಧಿಪತಿ ಅಗಮೆಮ್ನಾನನು ಮಹಾವೀರ ಅಖಿಲೀಸನ ಪಾಲಿಗೆ ಬಂದಿದ್ದ ಬ್ರಿಸೇಯಿಸ್ ಎಂಬ ಸೆರೆಯಾಳು ಹೆಣ್ಣನ್ನು ಕಸಿದುಕೊಳ್ಳುವನು. ಆ ಅಹಂಕಾರದ ಬೆಲೆಯನ್ನು ಸಾಮಾನ್ಯ ಸೈನಿಕರು ಪ್ರಾಣದಿಂದ ತೆರುವರು. ಆದರೆ ಕಾವ್ಯವು ಮುಗಿಯುವುದು ಗ್ರೀಕರ ಜಯಘೋಷದಿಂದಲ್ಲ. ಶತ್ರುವೀರ ಹೆಕ್ಟರನ ಶವಸಂಸ್ಕಾರದಿಂದ. ಆತನ ಹೆಂಡತಿ, ತಾಯಿ, ನಾದಿನಿ ಹೆಲೆನ್ ಈ ಮೂವರು ಹೆಂಗಸರ ಗೋಳಿನಲ್ಲಿ ಯುದ್ಧದ ನಿಜವಾದ ಲೆಕ್ಕ ತಿಳಿಯುವುದು.

ಪಂಪನಲ್ಲಿ ಆ ಲೆಕ್ಕವಿರುವುದು ದ್ರೌಪದಿಯ ಮುಡಿಯಲ್ಲಿ. ದುಶ್ಶಾಸನನು ಹಿಡಿದೆಳೆದ ಆ ಕೂದಲನ್ನು ಭೀಮನು ಅವನನ್ನು ಕೊಂದ ಮೇಲೆಯೇ ಕಟ್ಟುವನು. ಇಡೀ ಭಾರತಕ್ಕೆ ಆ ಮುಡಿಯೇ ಮೂಲವೆಂದು ಕವಿಯು ಕಂಡಿರುವನು. ಪಂಪನ ಕಾವ್ಯದಲ್ಲಿ ಆಕೆ ಐವರ ಸತಿಯಲ್ಲ, ಅರ್ಜುನನೊಬ್ಬನ ಸತಿ. ಹೀಗಿದ್ದೂ ಯುದ್ಧವೆಲ್ಲ ಮುಗಿದು ಅರ್ಜುನನಿಗೆ ಪಟ್ಟವಾಗುವಾಗ ಪಕ್ಕದಲ್ಲಿ ರಾಣಿಯಾಗಿ ಕುಳಿತವಳು ಸುಭದ್ರೆ! ಅವಮಾನವನ್ನು ನುಂಗಿದವಳೊಬ್ಬಳು, ಸಿಂಹಾಸನವೇರಿದವಳು ಇನ್ನೊಬ್ಬಳು. ಅರಿಕೇಸರಿಗೂ ಅರ್ಜುನನಿಗೂ ಹೋಲಿಕೆ ಕೂಡಿಸಹೊರಟ ಕವಿಯು ಇಲ್ಲಿ ಕತೆಯ ನ್ಯಾಯವನ್ನು ಬಿಟ್ಟುಕೊಟ್ಟನೆಂದೇ ನಮಗೆ ತೋರುವುದು. ಒಡೆಯನ ಋಣವು ಎಷ್ಟು ದೊಡ್ಡವನನ್ನೂ ಒಂದು ಕಡೆಯಲ್ಲಿ ಬಾಗಿಸದೆ ಬಿಡದು. ಆದರೆ ಒಡೆಯನ ಹಂಗಿಲ್ಲದ ಆದಿಪುರಾಣದಲ್ಲಿ ಆದಿದೇವನು ಬ್ರಾಹ್ಮಿ, ಸುಂದರಿ ಎಂಬ ತನ್ನ ಹೆಣ್ಣುಮಕ್ಕಳಿಗೆ ಅಕ್ಷರವನ್ನೂ ಅಂಕೆಯನ್ನೂ ಕಲಿಸುವನೆಂಬುದನ್ನು ವಾಚಕರು ಮರೆಯಬಾರದು.

ಅರಿಕೇಸರಿಯು ಮೆಚ್ಚಿ ಧರ್ಮವುರವೆಂಬ ಅಗ್ರಹಾರವನ್ನು ಪಂಪನಿಗೆ ಕೊಟ್ಟನು. ಮಾನ ಸಂಪತ್ತುಗಳಿಗೆ ಕೊರತೆಯಿರಲಿಲ್ಲ. ಆದರೂ ಕವಿಯ ಮನಸ್ಸು ಬನವಾಸಿಯ ತಂಗಾಳಿಗಾಗಿ, ಮಲ್ಲಿಗೆಗಾಗಿ, ಅಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟುವುದಕ್ಕಾಗಿ ಹಂಬಲಿಸಿತು. ಊರಿಗೆ ಹಣ ಕಳುಹಿಸಿ ಇಲ್ಲಿಯೇ ಉಳಿದಿರುವ ನಮ್ಮವರಿಗೆ ಈ ಹಂಬಲವನ್ನು ವಿವರಿಸಬೇಕಾಗಿಲ್ಲ. ಕರ್ನಾಟಕ ಸರಕಾರವು 1987ರಲ್ಲಿ ಕವಿಯ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. ಮೊದಲು ಅದನ್ನು ಪಡೆದವರು ಕುವೆಂಪು.

ಸಂಬಳ ಕೊಡುವವನ ಕೆಲಸವನ್ನು ನಿಷ್ಠೆಯಿಂದ ಮಾಡುವುದು ಧರ್ಮ. ಆದರೆ ಎದುರಿನವನ ಗುಣವನ್ನು ಗುಣವೆಂದು ಹೇಳುವ ನಾಲಿಗೆಯನ್ನು ಸಂಬಳಕ್ಕೆ ಮಾರಬೇಕಾಗಿಲ್ಲವೆಂಬುದನ್ನು ಪಂಪನು ಮಾಡಿ ತೋರಿಸಿದನು. ಮುಂದಿನ ಸಲ ವೇಮುಲವಾಡಕ್ಕೆ ಹೋಗುವ ಬಂಧುಗಳು ದೇವರ ದರ್ಶನವಾದ ಮೇಲೆ ಒಂದು ಹೊತ್ತು ಬಿಡುವು ಮಾಡಿಕೊಂಡು ಕುರ್ಕ್ಯಾಲದ ಬೆಟ್ಟವನ್ನೂ ಏರಲಿ. ಆ ಬಂಡೆಯ ಮೇಲಿರುವುದು ನಮ್ಮ ಮನೆಯ ಅಕ್ಷರ.