ಗ್ರಿಫಿತ್ ಬರೆದ ಷರಾ

ಗಾಳಿಯನ್ನು ಅಲಗುಗಳ ಸಾಲುಗಳ ಮೂಲಕ ಅಚ್ಚಿನ ಗುಂಟ ಹಾಯಿಸಿ ಒತ್ತುವ ಯಂತ್ರವೇ ಅಕ್ಷೀಯ ಕಂಪ್ರೆಸರ್. ಮೊದಮೊದಲು ಅದರಲ್ಲಿ ಶಕ್ತಿ ವಿಪರೀತ ಪೋಲಾಗುತ್ತಿತ್ತು. ಕಾರಣ ಕಂಡುಕೊಂಡವರು 1893ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅಲನ್ ಆರ್ನಲ್ಡ್ ಗ್ರಿಫಿತ್. 1926ರ ಪ್ರಬಂಧದಲ್ಲಿ ಅವರು ಅಲಗನ್ನು ವಿಮಾನದ ರೆಕ್ಕೆಯೆಂದೇ ಪರಿಗಣಿಸಿದರು. ಗಾಳಿ ಅತಿಯಾದ ಕೋನದಲ್ಲಿ ಬಂದರೆ ಅಲಗಿನ ಬೆನ್ನಿನಿಂದ ಕಳಚಿಕೊಂಡು ಸುಳಿಯಾಗುತ್ತದೆ. ಹಳೆಯ ಅಲಗುಗಳು ದುಡಿಯುತ್ತಿದ್ದುದು ಆ ಸ್ಥಿತಿಯಲ್ಲೇ. ರೆಕ್ಕೆಯ ಆಕಾರ ಕೊಟ್ಟರೆ ಹರಿವು ಅಂಟಿಕೊಂಡೇ ಸಾಗುತ್ತದೆಂದು ಅವರು ಲೆಕ್ಕ ಹಾಕಿದರು.

ಇಂಥ ಪರಿಣತರ ಮುಂದೆಯೇ 1929ರಲ್ಲಿ ತರುಣ ಫ್ರಾಂಕ್ ವಿಟಲ್‌ರ ಜೆಟ್ ಎಂಜಿನ್ ಪ್ರಸ್ತಾವ ಬಂತು. ಗ್ರಿಫಿತ್ ಲೆಕ್ಕದ ದೋಷ ತೋರಿಸಿದರು; ಬ್ರಿಟನ್ನಿನ ವಾಯು ಸಚಿವಾಲಯ ಕೈಬಿಟ್ಟಿತು. ಕಡತಗಳೊಡನೆ ಆಯುಷ್ಯ ಸವೆಸಿದ ನನಗೆ ಅಂಥ ಷರಾದ ಪರಿಚಯವುಂಟು: ದೋಷಗಳ ಪಟ್ಟಿ ಸರಿಯಾಗಿಯೇ ಇರುತ್ತದೆ, ತೀರ್ಮಾನ ಮಾತ್ರ ದಾರಿ ತಪ್ಪಿರುತ್ತದೆ. ವಿಟಲ್ ಎಂಜಿನ್ 1937ರಲ್ಲಿ ಓಡಿಯೇ ಓಡಿತು.

1939ರಲ್ಲಿ ಗ್ರಿಫಿತ್ ರೋಲ್ಸ್ ರಾಯ್ಸ್ ಸೇರಿದರು. ಅಲ್ಲಿ ಅವರ ಚಿಂತನೆಯಿಂದ ಮೂಡಿದ ಏವನ್ ಎಂಜಿನ್, ಆರಂಭದಲ್ಲಿ ಹರಿವು ಮುರಿದು ಹಿಂದಕ್ಕೆ ನುಗ್ಗುವ ತೊಂದರೆಯಿಂದ ಬಳಲಿದರೂ, ನಮ್ಮ ವಾಯುಪಡೆಯ ಕ್ಯಾನ್‌ಬೆರಾ, ಹಂಟರ್‌ಗಳನ್ನೂ ಹಾರಿಸಿತು. ಗ್ರಿಫಿತ್ 1963ರಲ್ಲಿ ತೀರಿಕೊಂಡರು. ವಿಟಲ್ ಬಳಸಿದ ಕೇಂದ್ರಾಪಗಾಮಿ ಕಂಪ್ರೆಸರ್ ದೊಡ್ಡ ಜೆಟ್‌ಗಳಿಂದ ಮರೆಯಾಗಿದೆ. ಅವುಗಳಲ್ಲಿ ಇಂದು ಗಾಳಿ ಸಾಗುವುದು ಗ್ರಿಫಿತ್ ತೋರಿದ ದಾರಿಯಲ್ಲೇ.